ಹಸಿರು ವಿದ್ಯುತ್ತಿನ ಜಮಾ–ಖರ್ಚು

‘ಪರಿಸರಸ್ನೇಹಿ’ ಎಂಬ ವಿಶೇಷಣವು ಇತ್ತೀಚಿನ ವರ್ಷಗಳಲ್ಲಿ ಬಹಳ ಅಗ್ಗವಾಗಿ ದೊರೆಯುವ ಸರಕಾಗಿದೆ. ಬಟ್ಟೆಯ ಚೀಲದಿಂದ ಮೊದಲ್ಗೊಂಡು ಬ್ಯಾಂಕುಗಳ ‘ಹಸಿರು ಠೇವಣಿ’ಯವರೆಗೆ ಎಲ್ಲಕ್ಕೂ ಅದನ್ನು ಅಂಟಿಸಲಾಗುತ್ತಿದೆ. ಅದರಲ್ಲಿಯೂ ಬಿಸಿಲು, ಗಾಳಿ ಮತ್ತು ಹರಿಯುವ ನೀರುಗಳಿಂದ ಪಡೆಯುವ ವಿದ್ಯುಚ್ಛಕ್ತಿಗೆ ಈ ಬಿರುದು ಯಾವ ವಿಚಾರಣೆಯೂ ಇಲ್ಲದೆ ಸಲ್ಲುತ್ತಿದೆ. ಇದಕ್ಕೆ ಪ್ರತಿಯಾಗಿ, ‘ಇದೆಲ್ಲ ಬರಿಯ ಬೂಟಾಟಿಕೆ, ಸೌರಫಲಕವನ್ನು ತಯಾರಿಸಲು ವ್ಯಯವಾಗುವಷ್ಟು ವಿದ್ಯುತ್ತನ್ನು ಅದು ತನ್ನ ಆಯುಷ್ಯದಲ್ಲಿ ಹಿಂದಿರುಗಿಸುವುದೇ ಇಲ್ಲ’ ಎಂದು ವಾದಿಸುವ ಹಿರಿಯರೂ ನಮ್ಮ ಸಂಘದಲ್ಲಿಯೇ ಇದ್ದಾರೆ. ಈ ಎರಡೂ ಮಾತುಗಳು ಲೆಕ್ಕಪತ್ರವನ್ನು ನೋಡದೆ ಆಡಿದವುಗಳು. ಪ್ರಸ್ತುತ ಲೇಖಕನು ವಿಜ್ಞಾನಿಯಲ್ಲ. ವಾಣಿಜ್ಯಶಾಸ್ತ್ರವನ್ನು ಓದಿ, ಎರಡು ದಶಕಗಳಿಂದ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಪರಿಶೀಲಿಸುತ್ತಿರುವವನು. ಯಾವುದೇ ಉದ್ಯಮದ ಆಸ್ತಿ–ಹೊಣೆಗಳ ಪಟ್ಟಿ ಕೈಗೆ ಬಂದಾಗ ಲಾಭದ ಅಂಕಿಗೆ ಮೊದಲು, ‘ಇಲ್ಲಿ ಬರೆಯದೆ ಬಿಟ್ಟಿರುವ ಹೊಣೆ ಯಾವುದು?’ ಎಂದು ಹುಡುಕುವುದು ನಮ್ಮ ವೃತ್ತಿಯ ಅಭ್ಯಾಸ. ಅದೇ ಅಭ್ಯಾಸವನ್ನು ಈ ವಿಷಯಕ್ಕೂ ಅನ್ವಯಿಸಿ ನೋಡಲು ಇಲ್ಲಿ ಪ್ರಯತ್ನಿಸಲಾಗಿದೆ.

ಹೋಲಿಕೆಗೆ ಮೊದಲು ಒಂದು ಅಳತೆಗೋಲು ಬೇಕು. ನಮ್ಮ ದೇಶದಲ್ಲಿ ಆ ಅಳತೆಗೋಲು ಕಲ್ಲಿದ್ದಲು. 2025ರ ನಡುಭಾಗದ ವೇಳೆಗೆ ಭಾರತದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಅರ್ಧಭಾಗ ಕಲ್ಲಿದ್ದಲು, ಅನಿಲ, ತೈಲಗಳನ್ನು ಸುಡದ ಮೂಲಗಳದ್ದಾಯಿತು ಎಂಬುದು ನಿಜ. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ರಾತ್ರಿಯಲ್ಲಿ ಸೂರ್ಯನಿಲ್ಲ, ಬೇಸಗೆಯ ಅನೇಕ ದಿನಗಳಲ್ಲಿ ಗಾಳಿಯಿಲ್ಲ. ವರ್ಷವಿಡೀ ತಂತಿಗಳಲ್ಲಿ ನಿಜವಾಗಿ ಹರಿಯುವ ವಿದ್ಯುತ್ತಿನಲ್ಲಿ ಹತ್ತರಲ್ಲಿ ಏಳು ಪಾಲಿಗೂ ಮಿಕ್ಕಿ ಇನ್ನೂ ಕಲ್ಲಿದ್ದಲಿನದೇ.

ಕಲ್ಲಿದ್ದಲಿನ ಖರ್ಚು ನಮ್ಮ ವಿದ್ಯುತ್ ಬಿಲ್ಲಿನಲ್ಲಿ ಪೂರ್ತಿಯಾಗಿ ಕಾಣುವುದಿಲ್ಲ. ಅದರ ಒಂದು ಭಾಗ ವೈದ್ಯರ ಬಿಲ್ಲಿನಲ್ಲಿ ಬರುತ್ತದೆ. ಚಿಮಣಿಯಿಂದ ಹೊರಬೀಳುವ ಅತಿ ಸೂಕ್ಷ್ಮ ಕಣಗಳು ತಲೆಗೂದಲಿನ ದಪ್ಪದ ಇಪ್ಪತ್ತೈದು–ಮೂವತ್ತರಲ್ಲಿ ಒಂದು ಪಾಲಿನಷ್ಟಿದ್ದು, ಮೂಗಿನ ರೋಮಗಳಿಗಾಗಲಿ ಗಂಟಲಿನ ಲೋಳೆಗಾಗಲಿ ಸಿಕ್ಕದೆ ಶ್ವಾಸಕೋಶದ ಗಾಳಿಚೀಲಗಳ ತಳದವರೆಗೂ ಇಳಿಯುತ್ತವೆ. ಅಲ್ಲಿಂದ ರಕ್ತವನ್ನೂ ಸೇರಬಲ್ಲವು. ಉಬ್ಬಸದವರಿಗೆ ಇದರಿಂದ ತೊಂದರೆಯೆಂಬುದನ್ನು ಎಲ್ಲರೂ ಬಲ್ಲರು. ಹೃದಯಾಘಾತ, ಪಾರ್ಶ್ವವಾಯುಗಳ ಸಂಭವವನ್ನೂ ಇದು ಹೆಚ್ಚಿಸುತ್ತದೆಂಬುದು ಅಷ್ಟಾಗಿ ಜನಜನಿತವಾಗಿಲ್ಲ. ಕಲ್ಲಿದ್ದಲಿನಲ್ಲಿರುವ ಗಂಧಕವು ಸುಟ್ಟು ಗಂಧಕದ ಡೈ ಆಕ್ಸೈಡ್ ಆಗಿ, ಗಾಳಿಯಲ್ಲಿ ತೇಲುತ್ತಾ ಸಲ್ಫೇಟ್ ಕಣಗಳಾಗಿ ಮಾರ್ಪಟ್ಟು, ನೂರಾರು ಮೈಲಿ ದೂರದ ಊರನ್ನೂ ತಲುಪುತ್ತದೆ. ಇದನ್ನು ತಡೆಯುವ ಉಪಕರಣಗಳನ್ನು ಅಳವಡಿಸಬೇಕೆಂದು 2015ರಲ್ಲಿ ನಿಯಮವಾಯಿತು. ಗಡುವು ಹಲವು ಬಾರಿ ಮುಂದೆ ಹೋಯಿತು. 2025ರ ಜುಲೈಯಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ದೊರೆಯಿತು. ಇದಲ್ಲದೆ ಪಾದರಸವಿದೆ, ಗುಡ್ಡೆಗುಡ್ಡೆಯಾಗಿ ಬೀಳುವ ಹಾರುಬೂದಿಯಿದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಭಾಗಕ್ಕೂ ಹೆಚ್ಚು ಬೂದಿಯೇ ಇರುವುದು ಸಾಮಾನ್ಯ. ರಾಯಚೂರಿನ ಶಕ್ತಿನಗರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಹಿರಿಯರ ಆಕ್ಷೇಪಣೆಗೆ ಬರೋಣ. ಗಣಿಯಿಂದ ಕಚ್ಚಾವಸ್ತುವನ್ನು ತೆಗೆಯುವುದರಿಂದ ಹಿಡಿದು ಕೊನೆಗೆ ಕಿತ್ತುಹಾಕುವವರೆಗಿನ ಎಲ್ಲ ಹೊಗೆಯನ್ನೂ ಕೂಡಿಸಿ, ಉತ್ಪಾದಿಸಿದ ಯೂನಿಟ್ಟುಗಳಿಂದ ಭಾಗಿಸುವ ಪದ್ಧತಿಯೊಂದಿದೆ. ಹವಾಮಾನ ಬದಲಾವಣೆಯನ್ನು ಕುರಿತ ಅಂತರಸರ್ಕಾರಿ ಮಂಡಳಿಯು 2014ರ ವರದಿಯಲ್ಲಿ ಕೊಟ್ಟಿರುವ ಮಧ್ಯಮ ಅಂಕಿಗಳು ಹೀಗಿವೆ: ಒಂದು ಯೂನಿಟ್ಟಿಗೆ ಕಲ್ಲಿದ್ದಲಿನಿಂದ 820 ಗ್ರಾಂ ಇಂಗಾಲದ ಡೈ ಆಕ್ಸೈಡಿಗೆ ಸಮನಾದ ಅನಿಲಗಳು, ದೊಡ್ಡ ಸೌರಸ್ಥಾವರದಿಂದ 48, ಮನೆಯ ಮಾಳಿಗೆಯ ಮೇಲಿನ ಫಲಕಗಳಿಂದ 41, ಜಲವಿದ್ಯುತ್ತಿನಿಂದ 24, ನೆಲದ ಮೇಲಿನ ಗಾಳಿಯಂತ್ರದಿಂದ 11. ನಮ್ಮಂತಹ ಬಿಸಿಲಿನ ದೇಶದಲ್ಲಿ ಫಲಕವು ತನ್ನ ತಯಾರಿಕೆಗೆ ತಗಲಿದ ಶಕ್ತಿಯನ್ನು ಒಂದೆರಡು ವರ್ಷಗಳಲ್ಲಿ ಹಿಂದಿರುಗಿಸಿ, ಉಳಿದ ಇಪ್ಪತ್ತಕ್ಕೂ ಹೆಚ್ಚು ವರ್ಷ ಲಾಭದಲ್ಲಿಯೇ ದುಡಿಯುತ್ತದೆ. ಗಾಳಿಯಂತ್ರಕ್ಕೆ ಸಾಮಾನ್ಯವಾಗಿ ಒಂದು ವರ್ಷವೂ ಬೇಡ. ಇಷ್ಟು ಬೇಗನೆ ಅಸಲು ತೀರಿಸುವ ಸಾಲಗಾರನನ್ನು ನಾನಂತೂ ನನ್ನ ಶಾಖೆಯಲ್ಲಿ ಕಂಡಿಲ್ಲ. ಆದಕಾರಣ ಹೊಗೆಯ ವಿಚಾರದಲ್ಲಿ ವಾದಕ್ಕೆ ಆಸ್ಪದವಿಲ್ಲ.

ಆದರೆ ಪರಿಸರವೆಂದರೆ ಹೊಗೆಯೊಂದೇ ಅಲ್ಲ. ಮೇಲಿನ ಅಂಕಿಗಳಲ್ಲಿ ಮುಳುಗಿದ ಊರಿಲ್ಲ, ಕಡಿದ ಕಾಡಿಲ್ಲ, ಹಕ್ಕಿಯಿಲ್ಲ.

ನೀರಿನ ಲೆಕ್ಕ

ಈ ಭಾಗವನ್ನು ಮುಂಬಯಿಯಲ್ಲಿರುವ ನಾವು ವಿಶೇಷವಾಗಿ ತಿಳಿಯಬೇಕು. 1915ರಲ್ಲಿ ಲೋಣಾವಳದ ಕೆರೆಗಳ ನೀರನ್ನು ಘಟ್ಟದಿಂದ ಖೋಪೋಲಿಗೆ ಇಳಿಸಿ ಟಾಟಾ ಸಂಸ್ಥೆಯು ವಿದ್ಯುತ್ ತೆಗೆದಾಗ, ಈ ನಗರದ ಬಟ್ಟೆಗಿರಣಿಗಳಿಗೆ ಹೊಗೆಯಿಲ್ಲದ ಶಕ್ತಿ ದೊರೆಯಿತು. ಅದರ ಮುಂದುವರಿಕೆಯಾಗಿ ಪುಣೆಯ ಸಮೀಪದ ಮುಳಶಿಯಲ್ಲಿ ಮುಳಾ ನದಿಗೆ ಅಣೆಕಟ್ಟು ಕಟ್ಟಹೊರಟಾಗ, 1921ರಲ್ಲಿ ಅಲ್ಲಿಯ ರೈತರು ಸೇನಾಪತಿ ಬಾಪಟರ ಮುಂದಾಳುತನದಲ್ಲಿ ಸತ್ಯಾಗ್ರಹ ಹೂಡಿದರು. ಅಣೆಕಟ್ಟಿನ ವಿರುದ್ಧ ಜಗತ್ತಿನಲ್ಲಿ ನಡೆದ ಮೊತ್ತಮೊದಲ ಜನಾಂದೋಲನಗಳಲ್ಲಿ ಇದನ್ನು ಎಣಿಸುತ್ತಾರೆ. ಭತ್ತದ ಗದ್ದೆಗಳಲ್ಲಿ ದುಡಿಯುವವರು ಮಾವಳರಾಗಿದ್ದರೂ ಅನೇಕ ಜಮೀನುಗಳ ಒಡೆತನ ಪುಣೆಯ ಸಾಹುಕಾರರಲ್ಲಿತ್ತು. ಪರಿಹಾರದ ಹಣಕ್ಕೆ ಅವರು ಒಪ್ಪುತ್ತಲೇ ಹೋರಾಟದ ಬೆನ್ನೆಲುಬು ಮುರಿಯಿತು. ಕಾಗದ ಯಾರ ಹೆಸರಿನಲ್ಲಿದೆಯೋ ಹಣ ಅವರಿಗೆ. ನೆಲವನ್ನು ನಂಬಿದವರಿಗೆ ಏನೂ ಇಲ್ಲ. ನೂರು ವರ್ಷಗಳ ನಂತರದ ಯೋಜನೆಗಳಲ್ಲಿಯೂ ಈ ಅಂಶವು ಬೇರೆಬೇರೆ ವೇಷಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಮತ್ತೊಂದು ಸಂಗತಿ. ಮುಳಾ ನದಿಯು ಸಹಜವಾಗಿ ಹರಿದಿದ್ದರೆ ಪೂರ್ವಕ್ಕೆ ಸಾಗಿ ಭೀಮೆಯನ್ನು ಸೇರಿ, ವಿಜಯಪುರ, ಕಲಬುರಗಿಗಳ ಕಡೆಗೆ ಬರಬೇಕಾದದ್ದು. ಅದನ್ನು ಪಶ್ಚಿಮಕ್ಕೆ ತಿರುಗಿಸಿ, ಭಿರಾ ಎಂಬಲ್ಲಿ ವಿದ್ಯುತ್ ತೆಗೆದು, ಕೊಂಕಣದ ಮೂಲಕ ಅರಬ್ಬೀ ಸಮುದ್ರಕ್ಕೆ ಬಿಡಲಾಗುತ್ತದೆ. ಕೃಷ್ಣೆಯ ಉಪನದಿಯಾದ ಕೊಯ್ನಾದ ನೀರಿನ ಕಥೆಯೂ ಇದೇ. ವಿದ್ಯುತ್ತಿನ ಗುಂಡಿಯನ್ನು ಇಲ್ಲಿ ಒತ್ತುವ ಉತ್ತರ ಕರ್ನಾಟಕದವನು ತನ್ನೂರಿನ ಹೊಳೆಯ ನೀರನ್ನೇ ಒಂದಿಷ್ಟು ಉರಿಸುತ್ತಿರಬಹುದು! ಕೊಯ್ನಾ ಜಲಾಶಯವು ತುಂಬಿದ ಕೆಲವೇ ವರ್ಷಗಳಲ್ಲಿ, 1967ರ ಡಿಸೆಂಬರ್ 11ರಂದು, ಅಲ್ಲಿ ಪ್ರಬಲ ಭೂಕಂಪವಾಗಿ ಸುಮಾರು 180 ಮಂದಿ ಮಡಿದರು. ಜಲಾಶಯದ ಭಾರ ಮತ್ತು ಬಂಡೆಗಳ ಬಿರುಕುಗಳಲ್ಲಿ ಇಳಿದ ನೀರಿನ ಒತ್ತಡ ಭೂಕಂಪವನ್ನು ಪ್ರಚೋದಿಸಬಲ್ಲವು ಎಂಬುದಕ್ಕೆ ಭೂವಿಜ್ಞಾನಿಗಳು ಇಂದಿಗೂ ಕೊಯ್ನಾವನ್ನು ಪ್ರಮುಖ ಉದಾಹರಣೆಯಾಗಿ ಕೊಡುತ್ತಾರೆ.

ನಮ್ಮ ಶರಾವತಿಯ ಲೆಕ್ಕ ಇನ್ನೂ ಇತ್ಯರ್ಥವಾಗಿಲ್ಲ. 1948ರಲ್ಲಿ ಆರಂಭವಾದ ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರೊದಗಿಸಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿದ್ದರು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದಾಗ ಆ ಹಳೆಯ ಅಣೆಕಟ್ಟೇ ನೀರಿನಲ್ಲಿ ಮುಳುಗಿತು; ಬೇಸಗೆಯಲ್ಲಿ ನೀರು ತೀರ ಇಳಿದಾಗ ಅದು ತಲೆಯೆತ್ತುವುದನ್ನು ನೋಡಲು ಈಗಲೂ ಜನ ಹೋಗುತ್ತಾರೆ. ಸುಮಾರು 300 ಚದರ ಕಿಲೋಮೀಟರ್ ನೆಲ ಜಲಾವೃತವಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೋಟ, ದೇವಸ್ಥಾನಗಳನ್ನು ಬಿಟ್ಟು ಎದ್ದವು. ನಾ. ಡಿಸೋಜರ ‘ದ್ವೀಪ’ ಕಾದಂಬರಿಯೂ, ಅದನ್ನಾಧರಿಸಿ ಗಿರೀಶ ಕಾಸರವಳ್ಳಿಯವರು 2002ರಲ್ಲಿ ತೆಗೆದ ಚಲನಚಿತ್ರವೂ ಮುಳುಗಡೆಯ ಬದುಕನ್ನೇ ಕುರಿತವು. ಹಿನ್ನೀರಿನಿಂದ ನಡುಗಡ್ಡೆಯಂತಾದ ತುಮರಿ–ಸಿಗಂದೂರು ಕಡೆಯವರು ಲಾಂಚನ್ನೇ ನಂಬಿಕೊಂಡಿದ್ದರು. ಅವರಿಗೆ ಸೇತುವೆ ದೊರೆತದ್ದು 2025ರ ಜುಲೈ 14ರಂದು. ಒಂದು ದಾರಿಯ ಪರಿಹಾರಕ್ಕೆ ಅರುವತ್ತೊಂದು ವರ್ಷ!

ಅದಕ್ಕಿಂತ ಗಂಭೀರವಾದದ್ದು ಹಕ್ಕುಪತ್ರದ ಪ್ರಶ್ನೆ. ಮುಳುಗಡೆಯವರಿಗೆ ಅಂದು ಶಿವಮೊಗ್ಗ ಜಿಲ್ಲೆಯ ಅರಣ್ಯಭೂಮಿಯನ್ನು ತೋರಿಸಿ ನೆಲೆಗೊಳಿಸಲಾಯಿತು. ಆದರೆ ಕಾಗದಪತ್ರಗಳಲ್ಲಿ ಅನೇಕ ಕಡೆ ಅದು ಅರಣ್ಯವಾಗಿಯೇ ಉಳಿಯಿತು. ಮೂರನೆಯ ತಲೆಮಾರಿನವರೂ ಈ ಹಕ್ಕಿಗಾಗಿ ಹೋರಾಡುತ್ತಿದ್ದಾರೆ. ಹಕ್ಕುಪತ್ರವಿಲ್ಲದ ನೆಲವನ್ನು ಯಾವ ಬ್ಯಾಂಕೂ ಅಡವಿಟ್ಟುಕೊಳ್ಳುವುದಿಲ್ಲ. ಮಗನ ಓದಿಗೆ, ಬಾವಿಗೆ, ತಾಯಿಯ ಶಸ್ತ್ರಚಿಕಿತ್ಸೆಗೆ ಅಂಥ ರೈತನು ಸಾಲ ಕೇಳಬಂದರೆ ಅಧಿಕಾರಿಯಾದವನು ‘ಇಲ್ಲ’ ಎನ್ನಲೇಬೇಕಾಗುತ್ತದೆ. ರಾಜ್ಯಕ್ಕೆಲ್ಲ ಬೆಳಕು ಕೊಟ್ಟ ಮನೆತನವು ಬ್ಯಾಂಕಿನ ದೃಷ್ಟಿಯಲ್ಲಿ ನಿರ್ಗತಿಕ.

ದೊಡ್ಡ ಅಣೆಕಟ್ಟು ಬೇಡವೆಂದರೆ ಕಿರುಜಲವಿದ್ಯುತ್ ಇದೆಯಲ್ಲ ಎನ್ನುವರು. 2006ರ ಪರಿಸರ ಅಧಿಸೂಚನೆಯಂತೆ 25 ಮೆಗಾವ್ಯಾಟಿಗಿಂತ ಚಿಕ್ಕ ಜಲವಿದ್ಯುತ್ ಯೋಜನೆಗೆ ಪರಿಸರ ಮಂಜೂರಾತಿ ಬೇಕಾಗಿಲ್ಲ. ಆದುದರಿಂದ ಪಶ್ಚಿಮ ಘಟ್ಟದಲ್ಲಿ ಸರಿಯಾಗಿ 24 ಮೆಗಾವ್ಯಾಟಿನ ಯೋಜನೆಗಳು ಹುಟ್ಟಿಕೊಂಡವು. ತೆರಿಗೆಯ ಮಿತಿಗೆ ಒಂದು ರೂಪಾಯಿ ಕಡಿಮೆ ವರಮಾನ ತೋರಿಸುವ ವ್ಯಾಪಾರಿಗಳನ್ನು ಕಂಡಿರುವ ನಮಗೆ ಇದು ಆಶ್ಚರ್ಯವಲ್ಲ. ಕಿರು ಯೋಜನೆಯಲ್ಲಿಯೂ ಹೊಳೆಯನ್ನು ಕೊಳವೆಗೆ ತಿರುಗಿಸುವುದರಿಂದ ಒಡ್ಡಿಗೂ ವಿದ್ಯುದಾಗಾರಕ್ಕೂ ನಡುವಿನ ಹರಹು ಬೇಸಗೆಯಲ್ಲಿ ಒಣಗುತ್ತದೆ. ಮೇಲಕ್ಕೆ ಈಜುವ ಮೀನಿಗೆ ದಾರಿ ಮುಚ್ಚುತ್ತದೆ.

ಈಗ ಶರಾವತಿಯ ಕಣಿವೆಗೆ ಇನ್ನೊಂದು ಯೋಜನೆ ಸಿದ್ಧವಾಗಿದೆ: 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್. ತಳಕಳಲೆಯ ಜಲಾಶಯ ಮೇಲೆ, ಗೇರುಸೊಪ್ಪೆಯದು ಕೆಳಗೆ. ಹಗಲಿನಲ್ಲಿ ಸೌರವಿದ್ಯುತ್ತು ಹೆಚ್ಚಾದಾಗ ನೀರನ್ನು ಮೇಲಕ್ಕೆ ಎತ್ತುವುದು. ಸಂಜೆ ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವುದು. ನೂರು ಯೂನಿಟ್ಟು ಹಾಕಿದರೆ ಎಪ್ಪತ್ತೈದೋ ಎಂಬತ್ತೋ ಮರಳುವ ಒಂದು ಬಗೆಯ ಠೇವಣಿಯಿದು. ಸೂರ್ಯನನ್ನು ರಾತ್ರಿಗೂ ಉಳಿಸಿಕೊಳ್ಳಲು ಇಂತಹ ವ್ಯವಸ್ಥೆ ಎಲ್ಲಿಯಾದರೂ ಬೇಕೆಂಬುದು ಸತ್ಯ. ಆದರೆ ಇದು ಬರುವುದು ಸಿಂಗಳೀಕಗಳ ಅಭಯಾರಣ್ಯದೊಳಗೆ. ಹದಿನೈದು ಸಾವಿರಕ್ಕೂ ಮಿಕ್ಕಿದ ಮರಗಳು ಹೋಗಬೇಕು. ಸಿಂಗಳೀಕವು ನೆಲಕ್ಕಿಳಿಯುವುದು ಅಪರೂಪ. ಮರದ ನೆತ್ತಿಗಳ ಸಾಲು ಕಡಿದುಹೋದರೆ ಅದರ ಹಿಂಡು ಎರಡಾಗುತ್ತದೆ. 2025ರಲ್ಲಿ ಸಾಗರ, ಹೊನ್ನಾವರಗಳ ಜನ ಬೀದಿಗಿಳಿದು ವಿರೋಧಿಸಿದ್ದು ಸಕಾರಣವೆಂದೇ ನನ್ನ ಅಭಿಪ್ರಾಯ. ಇದೇ ತಂತ್ರವನ್ನು ಕಾಡಿಲ್ಲದ ಕಡೆ, ಹಳೆಯ ಗಣಿಗಳ ಹೊಂಡಗಳಲ್ಲಿಯೂ ಯೋಜಿಸಲು ಸಾಧ್ಯವಿರುವಾಗ, ಒಮ್ಮೆ ತೆತ್ತ ಕಣಿವೆಯಿಂದಲೇ ಮತ್ತೆ ಕೇಳುವುದು ನ್ಯಾಯವಲ್ಲ.

ಬಿಸಿಲು ಮತ್ತು ಗಾಳಿ

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನವಿದೆ. ಮಳೆಯಿಲ್ಲದೆ ಗುಳೆ ಹೋಗುತ್ತಿದ್ದ ಸೀಮೆ ಅದು. ಇಲ್ಲಿ ಭೂಮಿಯನ್ನು ಕಸಿದುಕೊಳ್ಳದೆ 28 ವರ್ಷಗಳ ಗುತ್ತಿಗೆಗೆ ಪಡೆದದ್ದು ಮುಳಶಿ, ಶರಾವತಿಗಳಿಗೆ ಹೋಲಿಸಿದರೆ ದೊಡ್ಡ ಸುಧಾರಣೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ. ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ. ಕೇಳಲು ಹಿತವಾಗಿದೆ. ಆದರೆ ಎರಡು ವರ್ಷಕ್ಕೆ ಶೇಕಡಾ 5 ಎಂದರೆ ವರ್ಷಕ್ಕೆ ಸುಮಾರು ಎರಡೂವರೆ. ಬೆಲೆಗಳು ವರ್ಷಕ್ಕೆ ಶೇಕಡಾ 5ರಂತೆ ಏರುವುದಾದರೆ, ಹತ್ತನೆಯ ವರ್ಷದ ಕೊನೆಗೆ ಮೊದಲಿನ ಬೆಲೆಯನ್ನು ಉಳಿಸಿಕೊಳ್ಳಲು ಬಾಡಿಗೆ 34,000 ದಾಟಿರಬೇಕು. ಕರಾರಿನ ಪ್ರಕಾರ ಅದು 27,000ವನ್ನೂ ಮುಟ್ಟುವುದಿಲ್ಲ. ಅಂದರೆ ರೈತನ ಬಾಡಿಗೆ ಕಾಗದದ ಮೇಲೆ ಏರುತ್ತಾ, ಅಂಗಡಿಯಲ್ಲಿ ಇಳಿಯುತ್ತಾ ಹೋಗುತ್ತದೆ. ಜಮೀನಿಲ್ಲದ ಕೂಲಿಯವನಿಗೂ ಕುರಿ ಮೇಯಿಸುವವನಿಗೂ ಈ ಬಾಡಿಗೆಯೂ ಇಲ್ಲ. ಮುಳಶಿಯ ಕಾಗದದ ಕಥೆಯನ್ನು ವಾಚಕರು ಇಲ್ಲಿ ನೆನೆಯಬಹುದು. ಇದು ಸೂರ್ಯನ ದೋಷವಲ್ಲ, ಕರಾರಿನ ದೋಷ, ತಿದ್ದಲು ಶಕ್ಯವಾದದ್ದು.

‘ಬಂಜರು’ ಎಂಬ ಕಂದಾಯ ಇಲಾಖೆಯ ಶಬ್ದವೂ ಬಹಳ ಅನರ್ಥಗಳಿಗೆ ಕಾರಣವಾಗಿದೆ. ಉಳುಮೆಯಿಲ್ಲದ ಹುಲ್ಲುಗಾವಲೆಲ್ಲ ದಾಖಲೆಯಲ್ಲಿ ಬಂಜರು. ತೋಳ, ಕೃಷ್ಣಮೃಗ, ಕುರಿಗಾರ ಇವರ ಪಾಲಿಗೆ ಅದೇ ಸಂಪತ್ತು. ನಮ್ಮಲ್ಲಿ ಎರ್ಲಡ್ಡು, ಎರೆಭೂತ ಎಂದು ಕರೆಯುವ ದೊಡ್ಡ ಹಕ್ಕಿ ಈಗ ದೇಶದಲ್ಲಿ ನೂರೈವತ್ತೂ ಉಳಿದಿಲ್ಲ. ಬಹುಪಾಲು ರಾಜಸ್ಥಾನದ ಮರುಭೂಮಿಯ ಅಂಚಿನಲ್ಲಿವೆ. ಅದರ ಕಣ್ಣಿಗೆ ನೇರ ಮುಂದಿರುವುದು ಸರಿಯಾಗಿ ಕಾಣದು, ಮೈ ಭಾರವಾದುದರಿಂದ ಥಟ್ಟನೆ ತಿರುಗಲೂ ಆಗದು. ಸೌರ, ಪವನ ಸ್ಥಾವರಗಳಿಂದ ವಿದ್ಯುತ್ ಒಯ್ಯುವ ತಂತಿಗಳಿಗೆ ಡಿಕ್ಕಿ ಹೊಡೆದು ಸಾಯುತ್ತದೆ. ತಂತಿಗಳನ್ನು ನೆಲದಡಿಯಲ್ಲಿ ಹಾಕಬೇಕೆಂದು 2021ರಲ್ಲಿ ಆಜ್ಞೆ ಮಾಡಿದ ಸರ್ವೋಚ್ಚ ನ್ಯಾಯಾಲಯವು, ವೆಚ್ಚ ಹಾಗೂ ಹವಾಮಾನದ ಅಗತ್ಯಗಳನ್ನು ಗಮನಿಸಿ 2024ರಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಯನ್ನು ನೇಮಿಸಿತು. ಹಸಿರಿಗೂ ಹಸಿರಿಗೂ ನಡುವೆ ನಡೆದ ವ್ಯಾಜ್ಯವೆಂದರೆ ಇದೇ.

ಗಾಳಿಯಂತ್ರಗಳ ಬಗ್ಗೆ ಒಂದು ಸ್ವಾರಸ್ಯಕರ ಅಧ್ಯಯನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಠಾಕರ್ ಮತ್ತು ಸಂಗಡಿಗರು ಸಾತಾರಾ ಜಿಲ್ಲೆಯ ಚಾಳಕೇವಾಡಿಯ ಪ್ರಸ್ಥಭೂಮಿಯಲ್ಲಿ ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದಂತೆ, ಯಂತ್ರಗಳಿರುವ ಕಡೆ ಬೇಟೆಯ ಹಕ್ಕಿಗಳು ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ. ಅದರ ಫಲವಾಗಿ ಓತಿಕೇತಗಳ ಸಂಖ್ಯೆ ಹೆಚ್ಚು, ಮಾತ್ರವಲ್ಲ, ಅವುಗಳಿಗೆ ಹೆದರಿಕೆಯೂ ಕಡಿಮೆ. ಯಂತ್ರವೇ ಅಲ್ಲಿಯ ಹದ್ದಿನ ಮೇಲಣ ಹದ್ದಾಗಿದೆ. ಚಿತ್ರದುರ್ಗ, ಗದಗಗಳ ಗುಡ್ಡಗಳಲ್ಲಿಯೂ ಸಾಲುಸಾಲಾಗಿ ಯಂತ್ರಗಳಿವೆ. ರೆಕ್ಕೆಗಿಂತಲೂ ಅದನ್ನು ಸಾಗಿಸಲು ಗುಡ್ಡವನ್ನು ಕೊರೆದು ಮಾಡುವ ರಸ್ತೆ ಹೆಚ್ಚು ಗಾಯ ಮಾಡುತ್ತದೆ. ಹೀಗಿದ್ದೂ ಸೌರ, ಪವನ ಸ್ಥಾವರಗಳಿಗೆ 2006ರ ಅಧಿಸೂಚನೆಯ ಪರಿಸರ ಮಂಜೂರಾತಿ ಅಗತ್ಯವಿಲ್ಲ. ನನ್ನ ದೃಷ್ಟಿಯಲ್ಲಿ ಇದು ಯೋಗ್ಯವಲ್ಲ. ಇಂಧನ ಯಾವುದೆಂಬುದಕ್ಕಿಂತ ಅದನ್ನು ಎಲ್ಲಿ ಸ್ಥಾಪಿಸಿದರೆಂಬುದೇ ಅನೇಕ ಸಲ ಹೆಚ್ಚಿನ ಪರಿಣಾಮ ಮಾಡುತ್ತದೆ. ಆ ‘ಎಲ್ಲಿ’ಯನ್ನೇ ಯಾರೂ ವಿಚಾರಿಸದಿರುವುದು ಜಾಮೀನು ನೋಡದೆ ಸಾಲ ಕೊಟ್ಟಂತೆ.

ಗುಜರಿಯ ಪ್ರಶ್ನೆ

ಮುಂದಿನ ಹೊಣೆಯೊಂದಿದೆ. ಫಲಕದ ತೂಕದಲ್ಲಿ ಮುಕ್ಕಾಲು ಪಾಲು ಗಾಜು. ಅಲ್ಯೂಮಿನಿಯಂ ಚೌಕಟ್ಟು, ಪ್ಲಾಸ್ಟಿಕ್ ಪದರ, ಸಿಲಿಕಾನ್, ತಾಮ್ರ, ಅತ್ಯಲ್ಪ ಬೆಳ್ಳಿ, ಬೆಸುಗೆಯ ಸೀಸ ಉಳಿದವು. ಸಾಬೀತಾದ ಫಲಕವು ಮಾಳಿಗೆಯ ಮೇಲಿದ್ದಷ್ಟು ಕಾಲ ನಿರಪಾಯಕಾರಿ. ಅದು ಒಡೆದು ಗುಜರಿಯವನ ಕೈಸೇರಿದಾಗ ಅಪಾಯವು ಪ್ರಾರಂಭವಾಗುತ್ತದೆ. ತಾಮ್ರಕ್ಕಾಗಿ ಅದನ್ನು ಬಯಲಿನಲ್ಲಿ ಸುಟ್ಟರೆ ಹಿಂಬದಿಯ ಪ್ಲಾಸ್ಟಿಕ್ಕಿನಿಂದ ಫ್ಲೋರಿನ್ನಿನ ವಿಷಾನಿಲ ಏಳಬಹುದು; ಸೀಸವು ಮಣ್ಣಿಗೆ ಸೇರಿ, ಆ ಬಯಲಿನಲ್ಲಿ ಆಡುವ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸಬಹುದು. ಗಾಳಿಯಂತ್ರದ ಉಕ್ಕಿನ ಕಂಬ ಕರಗಿ ಮತ್ತೆ ಉಕ್ಕಾಗುತ್ತದೆ. ಗಾಜುನಾರು ಮತ್ತು ರಾಳದಿಂದ ಮಾಡಿದ ರೆಕ್ಕೆಯನ್ನು ಮರುಬಳಸುವುದು ಕಷ್ಟ. ಇವೆಲ್ಲ ಸೇರಿದರೂ ಕಲ್ಲಿದ್ದಲಿನ ಬೂದಿಯ ರಾಶಿಯ ಮುಂದೆ ಅತ್ಯಲ್ಪವೆಂಬುದನ್ನು ಹೇಳದಿದ್ದರೆ ಲೆಕ್ಕ ತಪ್ಪಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಅತಿ ಕಡಿಮೆ ಹೊಣೆಯಿರುವ ವಿದ್ಯುತ್ತು ಯಾವುದೆಂದರೆ, ಈಗಾಗಲೇ ಕಟ್ಟಿರುವ ಮನೆಯ ಮಾಳಿಗೆಯದು. ಅದಕ್ಕೆ ಎಕರೆ ಬೇಡ, ಕಾಡು ಬೇಡ, ದೂರದ ತಂತಿ ಬೇಡ. 2024ರ ಫೆಬ್ರವರಿಯಲ್ಲಿ ಆರಂಭವಾದ ಕೇಂದ್ರದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಒಂಟಿ ಮನೆಗೆ 3 ಕಿಲೋವ್ಯಾಟಿಗೆ 78,000 ರೂಪಾಯಿ, ಹೌಸಿಂಗ್ ಸೊಸೈಟಿಗಳ ಸಾಮೂಹಿಕ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನ ಗೊತ್ತುಪಡಿಸಲಾಯಿತು. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರ ಅಡಿ ನೆರಳಿಲ್ಲದ ಜಾಗ ಬೇಕು. ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ಟು ಬರುತ್ತದೆ. ಮುಂಬಯಿಯ ಮಳೆಗಾಲದ ಜೂನ್–ಆಗಸ್ಟ್‌ಗಳಲ್ಲಿ ಅಷ್ಟು ನಿರೀಕ್ಷಿಸಬಾರದು. ಇಪ್ಪತ್ತು ಅಂತಸ್ತಿನ ಕಟ್ಟಡದ ಮಾಳಿಗೆಯಿಂದ ಎಲ್ಲ ಫ್ಲ್ಯಾಟುಗಳೂ ನಡೆಯುವುದಿಲ್ಲ. ಲಿಫ್ಟು, ನೀರಿನ ಪಂಪು, ಮೆಟ್ಟಿಲಿನ ದೀಪಗಳ ಖರ್ಚಿನ ಒಂದು ದೊಡ್ಡ ಭಾಗ ನೀಗಿದರೆ ತೃಪ್ತಿಪಡಬೇಕು.

ಸೊಸೈಟಿಯ ಸಭೆಯಲ್ಲಿ ಈ ವಿಷಯ ಬಂದಾಗ ಸದಸ್ಯರು ಕೇವಲ ‘ಎಷ್ಟು ವರ್ಷಕ್ಕೆ ಹಣ ಮರಳುತ್ತದೆ?’ ಎಂದು ಕೇಳುತ್ತಾರೆ. ಇನ್‌ವರ್ಟರನ್ನು ಸುಮಾರು ಹತ್ತು–ಹನ್ನೆರಡು ವರ್ಷಕ್ಕೆ ಬದಲಿಸಬೇಕಾಗುವುದೆಂಬುದನ್ನೂ ಗಮನಿಸಿ, ಉಳಿತಾಯದ ಒಂದಂಶವನ್ನು ಮೊದಲ ವರ್ಷದಿಂದಲೇ ಸಿಂಕಿಂಗ್ ಫಂಡಿನಲ್ಲಿ ಪ್ರತ್ಯೇಕವಾಗಿ ತೆಗೆದಿಡುವುದು ಲೇಸು. 2022ರ ವಿದ್ಯುನ್ಮಾನ ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಸೌರಫಲಕಗಳೂ ಅವುಗಳ ವ್ಯಾಪ್ತಿಯಲ್ಲಿವೆ. ಹಳೆಯ ಫಲಕಗಳ ಜವಾಬ್ದಾರಿಯನ್ನು ಅವು ತಯಾರಕರ ಮೇಲೆ ಹೊರಿಸಿವೆ. ಆದುದರಿಂದ ಹಣ ಪಾವತಿ ಮಾಡುವ ಮೊದಲೇ, ಕೆಟ್ಟ ಹಾಗೂ ಒಡೆದ ಫಲಕಗಳನ್ನು ಹಿಂದಕ್ಕೆ ಕೊಂಡೊಯ್ಯುವವರು ಯಾರು, ಸಾಗಣೆಯ ಖರ್ಚು ಯಾರದು ಎಂಬುದನ್ನು ಮಾರಾಟಗಾರರಿಂದ ಲಿಖಿತವಾಗಿ ಪಡೆದು, ಆ ಪತ್ರವನ್ನು ಲಿಫ್ಟಿನ ವಾರ್ಷಿಕ ನಿರ್ವಹಣೆಯ ಕರಾರಿನ ಜೊತೆಗೆ ಕಾರ್ಯದರ್ಶಿಯ ಕಡತದಲ್ಲಿ ಇರಿಸತಕ್ಕದ್ದು.